ಉಸಿರಿನ ಚೀಲಕ್ಕೊಂದು ರಬ್ಬರ್ ಬಿಲ್ಲೆ

ಲಾರಿಂಗೋಸ್ಕೋಪಿನ ಬಲ್ಬು ಹೆಸರುಕಾಳಿಗಿಂತ ತುಸು ದೊಡ್ಡದು, ಅಷ್ಟೆ. ಕೈಜಾರಿ ನೆಲಕ್ಕೆ ಬಿದ್ದರೆ ಬಗ್ಗಿ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ರೋಗಿಯ ನಾಲಿಗೆಯನ್ನು ಎತ್ತಿಹಿಡಿದು, ಗಂಟಲಿನ ಆಳದಲ್ಲಿ ಶ್ವಾಸನಾಳದ ಬಾಯನ್ನು ತೋರಿಸುವ ಉಪಕರಣ ಅದು. ಹಿಡಿಯೊಳಗೆ ಟಾರ್ಚಿಗೆ ಹಾಕುವಂಥದೇ ಎರಡು ಸೆಲ್ಲು. ಬಾಗಿದ ಅಲಗಿನ ತುದಿಯಲ್ಲಿ ಈ ಬಲ್ಬು. ಅದು ಉರಿದರೆ ಶ್ವಾಸನಾಳ ಕಾಣುತ್ತದೆ, ಕೊಳವೆ ಇಳಿಸಬಹುದು. ಉರಿಯದಿದ್ದರೆ ಗಂಟಲೊಳಗೆ ಕತ್ತಲು ಬಿಟ್ಟು ಬೇರೇನೂ ಇಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಹೊಸೂರಿನ ಹೊರಗೆ ಇಪ್ಪತ್ತನಾಲ್ಕು ಹಾಸಿಗೆಗಳ ಒಂದು ಧರ್ಮಾಸ್ಪತ್ರೆಯಲ್ಲಿ ನಾನು ಆಪರೇಷನ್ ಥಿಯೇಟರಿನ ನರ್ಸ್ ಆಗಿದ್ದೆ. ಇದ್ದವರು ಒಬ್ಬರೇ ಡಾಕ್ಟರಮ್ಮ. ಅರಿವಳಿಕೆ ಕೊಡುವ ಯಂತ್ರ ನಮ್ಮಲ್ಲಿರಲಿಲ್ಲ. ತಿಂಗಳಿಗೆ ಎರಡು ದಿನ ಬೆಂಗಳೂರಿನಿಂದ ಅರಿವಳಿಕೆ ಡಾಕ್ಟರೊಬ್ಬರು ತಮ್ಮ ಸಾಮಾನುಗಳನ್ನು ಪೆಟ್ಟಿಗೆಯಲ್ಲಿ ಹೊತ್ತು ಬರುತ್ತಿದ್ದರು. ದೊಡ್ಡ ಆಪರೇಷನ್ನುಗಳೆಲ್ಲ ಆ ಎರಡು ದಿನಕ್ಕೇ ಕಾಯಬೇಕಿತ್ತು. ತಮ್ಮಲ್ಲಿ ಹಳತಾದ ಒಂದು ಲಾರಿಂಗೋಸ್ಕೋಪನ್ನೂ ಉಸಿರಾಟದ ಒಂದು ಚೀಲವನ್ನೂ ಅವರೇ ನಮಗೆ ಬಿಟ್ಟುಹೋಗಿದ್ದರು. ಕೊಡುವಾಗ ನನ್ನ ಕಡೆ ತಿರುಗಿ, "ಸಿಸ್ಟರ್, ಈ ಸಾಮಾನು ಕೆಡೋದಿಲ್ಲ. ಇದರ ಚಿಲ್ಲರೆ ಸಾಮಾನು ಕೆಡುತ್ತೆ. ಅದನ್ನ ಜೋಡಿಸಿ ಇಟ್ಕೊಳ್ಳಿ" ಎಂದಿದ್ದರು.

ಆ ಮಾತು ನನಗೆ ಹೊಸದೆನಿಸಲಿಲ್ಲ. ಉದ್ದನಪಲ್ಲಿಯ ನಮ್ಮ ಮನೆಯಲ್ಲಿ ಅಮ್ಮ ಲಾಟೀನಿನ ಇನ್ನೊಂದು ಗಾಜನ್ನು ರಾಗಿ ತುಂಬಿದ ಮಣ್ಣಿನ ವಾಡೆಯೊಳಗೆ ಹೂತಿಡುತ್ತಿದ್ದಳು. ಒಡೆಯಬಾರದು, ಬೇಕಾದಾಗ ಕೈಗೆ ಸಿಗಬೇಕು. ಹಾಗೇ ನಾನೂ ಹಾಲಿನಪುಡಿಯ ಒಂದು ಖಾಲಿ ಡಬ್ಬ ತೊಳೆದು ಒಣಗಿಸಿ, ಅದರಲ್ಲಿ ಹತ್ತಿಯಲ್ಲಿ ಸುತ್ತಿದ ಎರಡು ಬಲ್ಬು, ಒಂದು ಜೊತೆ ಸೆಲ್ಲು, ಕೊಳವೆಗೂ ಚೀಲಕ್ಕೂ ನಡುವೆ ಕೂರಿಸುವ ಲೋಹದ ಮೂರು ಕೊಂಡಿ, ಆಕ್ಸಿಜನ್ ಸಿಲಿಂಡರಿನ ಇನ್ನೊಂದು ಚಾವಿ, ಕೆಲವು ವಾಷರುಗಳು, ಚೀಲದ ವಾಲ್ವಿಗೆ ಹಾಕುವ ತೆಳು ರಬ್ಬರಿನ ಒಂದು ಬಿಲ್ಲೆ, ಇಷ್ಟನ್ನು ಇಟ್ಟುಕೊಂಡಿದ್ದೆ. ಉಪಯೋಗಿಸಿದ ಪ್ರತಿ ಸಲವೂ ಹಿಡಿಯೊಳಗಿನ ಸೆಲ್ಲು ತೆಗೆದಿಡುತ್ತಿದ್ದೆ. ಒಳಗೇ ಬಿಟ್ಟರೆ ಅವು ನೀರು ಬಿಟ್ಟು ಕಿಲುಬು ಹಿಡಿಯುತ್ತವೆ. ಇಷ್ಟೆಲ್ಲ ಮಾಡುತ್ತಿದ್ದೇನೆಂದು ನನಗೊಂದು ಹೆಮ್ಮೆಯೂ ಇತ್ತು.

ಆ ದಿನ ಹನ್ನೊಂದು ಗಂಟೆಯ ಸುಮಾರಿಗೆ ಅಂಚೆಟ್ಟಿ ಕಡೆಯ ಬಸ್ಸೊಂದು ನೇರ ನಮ್ಮ ಗೇಟಿನ ಮುಂದೆ ಬಂದು ನಿಂತಿತು. ಬಸ್ಸು ಅಲ್ಲಿ ನಿಲ್ಲುವ ಜಾಗವೇ ಅಲ್ಲ. ಇಬ್ಬರು ಗಂಡಸರು ಇಪ್ಪತ್ತೆಂಟು ಮೂವತ್ತರ ಒಬ್ಬ ಹೆಂಗಸನ್ನು ಕಂಬಳಿಯಲ್ಲಿ ಎತ್ತಿಕೊಂಡು ಇಳಿದರು. ಮುಂದಿದ್ದವನು ಗಂಡ. ಅವನ ಮೊಣಕಾಲಿನವರೆಗೂ ಕೆಮ್ಮಣ್ಣು ಮೆತ್ತಿತ್ತು.

"ಏನಾಯ್ತು?" ಎಂದರು ಡಾಕ್ಟರಮ್ಮ, ಸ್ಟ್ರೆಚರಿನ ಜೊತೆಗೇ ನಡೆಯುತ್ತಾ.

"ಉಳ್ಳಿ ಗಿಡದ್ ಗುಡ್ಡೆ ಎತ್ತಾ ಇದ್ಲು ಕಣಮ್ಮಾ. ಒಳಗಿತ್ತು. ಕೈಗೆ ಕಚ್‌ಬುಡ್ತು. ನಾಗರಾವು, ನಾನೇ ನೋಡಿವ್ನಿ."

"ಎಷ್ಟು ಹೊತ್ತಿಗೆ?"

"ಬಿಸ್ಲು ಬಂದಿತ್ತು. ಏಳೋ ಏಳೂವರೇನೋ. ರೋಡಿಗೆ ಬರೋಕೇ ಎರಡು ಗಂಟೆ ಹಿಡೀತು. ಹೊತ್ಕೊಂಡೇ ಬಂದ್ವಿ."

ಬಸ್ಸಿನಲ್ಲಿ ಕೂರುವವರೆಗೂ ಅವಳು ಮಾತಾಡುತ್ತಿದ್ದಳಂತೆ. ಆಮೇಲೆ ಮಾತು ತೊದಲಿತು. ಈಗ ರೆಪ್ಪೆಗಳು ಜೋತುಬಿದ್ದಿದ್ದವು. ಜೊಲ್ಲು ಕೆನ್ನೆಯ ಮೇಲೆ ಹರಿಯುತ್ತಿತ್ತು. ನುಂಗಲು ಅವಳಿಗೆ ಆಗುತ್ತಿರಲಿಲ್ಲ. ನಾನು ತೋಳು ಎತ್ತಿ ಬಿಟ್ಟೆ. ಅದು ಒದ್ದೆ ಬಟ್ಟೆಯ ಹಾಗೆ ಬಿತ್ತು.

ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ನಮ್ಮಲ್ಲಿ ಎಂಟು ಸೀಸೆ ಇತ್ತು. ಪುಡಿಯನ್ನು ನೀರಿನಲ್ಲಿ ಕದಡಿ, ನೊರೆ ಏಳದಂತೆ ತಿರುಗಿಸಿ, ಡ್ರಿಪ್ಪಿನಲ್ಲಿ ಬಿಡಬೇಕು. ಕಾಂಪೌಂಡರ್ ಒಂದೊಂದಾಗಿ ಕದಡಿ ಕೊಡುತ್ತಿದ್ದರು. ಮೂರನೆಯ ಸೀಸೆ ಹೋಗುತ್ತಿರುವಾಗ ಡಾಕ್ಟರಮ್ಮ ಅವಳ ಎದೆಯ ಮೇಲೆ ಕೈಯಿಟ್ಟರು. ಉಸಿರು ಮೇಲುಮೇಲಕ್ಕೆ ಮಾತ್ರ ಆಡುತ್ತಿತ್ತು. ಉಗುರು ನೀಲಿಯಾಗುತ್ತಿತ್ತು.

"ಟ್ಯೂಬ್ ಹಾಕೋಣ ಸಿಸ್ಟರ್."

ನಾನು ಹಿಡಿಗೆ ಸೆಲ್ಲು ಹಾಕಿದೆ, ಅಲಗು ಸಿಕ್ಕಿಸಿದೆ, ಬಲ್ಬು ಉರಿಯಿತು. ಕೊಳವೆಯ ತುದಿಗೆ ಎಣ್ಣೆ ಸವರಿ ಪಕ್ಕದಲ್ಲಿಟ್ಟೆ. ಡಾಕ್ಟರಮ್ಮ ತಲೆಯ ಬಳಿ ನಿಂತು ಬಾಯಿ ತೆರೆದು ಅಲಗನ್ನು ಒಳಗಿಟ್ಟರು. ಆಗ ಬೆಳಕು ಹೋಯಿತು.

"ಬಿಗಿ ಮಾಡಿ."

ಬಿಗಿ ಮಾಡಿದೆ. ಒಮ್ಮೆ ಮಿಣುಕಿ ಆರಿಹೋಯಿತು. ಸೆಲ್ಲು ಬದಲಾಯಿಸಿದೆ. ಇಲ್ಲ. ಅವರು ಅಲಗನ್ನು ಹೊರಕ್ಕೆ ತೆಗೆದು, ಮುಖಕ್ಕೆ ಮಾಸ್ಕ್ ಒತ್ತಿ ಚೀಲ ಒತ್ತತೊಡಗಿದರು. ಬಾಯ್ತುಂಬ ಜೊಲ್ಲು, ಗಾಳಿ ಅರ್ಧ ಒಳಗೆ, ಅರ್ಧ ಪಕ್ಕದಿಂದ ಹೊರಗೆ.

ನಾನು ಡಬ್ಬ ತೆರೆದು ಹತ್ತಿ ಬಿಚ್ಚಿದೆ. ಮೊದಲ ಬಲ್ಬನ್ನು ತಿರುಗಿಸಿ ಕೂರಿಸಿದೆ. ಅದು ಉರಿಯಲಿಲ್ಲ. ಮತ್ತೆ ಬಿಚ್ಚಿ ಕೂರಿಸಿದೆ. ಉರಿಯಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ಒಳಗಿನ ತಂತಿ ತುಂಡಾಗಿತ್ತು. ತಕ್ಷಣ ನೆನಪಾಯಿತು. ಕೆಲವು ತಿಂಗಳ ಹಿಂದೆ ಬಲ್ಬು ಸುಟ್ಟಾಗ ನಾನೇ ಹೊಸದನ್ನು ಹಾಕಿದ್ದೆ. ಸುಟ್ಟದ್ದನ್ನು ಎಸೆಯಲು ಮನಸ್ಸು ಬಾರದೆ, ಇದನ್ನು ತೋರಿಸಿ ಬೇರೆ ತರಿಸೋಣವೆಂದು ಅದೇ ಹತ್ತಿಯಲ್ಲಿ ಸುತ್ತಿಟ್ಟಿದ್ದೆ. ತರಿಸಿರಲಿಲ್ಲ. ಡಬ್ಬದಲ್ಲಿ ಎರಡು ಬಲ್ಬು ಇವೆಯೆಂದು ಎಣಿಸಿ ಎಣಿಸಿ ನಿಶ್ಚಿಂತಳಾಗಿದ್ದೆ. ಒಮ್ಮೆಯೂ ಹಚ್ಚಿ ನೋಡಿರಲಿಲ್ಲ.

ಎರಡನೆಯದನ್ನು ತೆಗೆದೆ. ನೆಲಕ್ಕೆ ಬಿದ್ದರೆ ಅಲ್ಲಿಗೆ ಮುಗಿಯಿತು ಎಂದು ಟ್ರೇ ಮೇಲೆ ಬಗ್ಗಿಕೊಂಡೇ ತಿರುಗಿಸಿದೆ. ಅದು ಉರಿಯಿತು. ಹಳದಿ, ಮಂಕು ಬೆಳಕು. ಡಾಕ್ಟರಮ್ಮ ಕೈಚಾಚಿ ತೆಗೆದುಕೊಂಡರು. ಒಂದೇ ಸಲಕ್ಕೆ ಕೊಳವೆ ಇಳಿಯಿತು. ಚೀಲ ಒತ್ತಿದಾಗ ಎದೆ ಎರಡೂ ಕಡೆ ಎದ್ದಿತು. ನೀಲಿಯಾಗಿದ್ದ ಉಗುರು ನಿಧಾನವಾಗಿ ಬಣ್ಣ ಕಂಡಿತು.

"ತಪ್ಪು ನನ್ನದು ಡಾಕ್ಟ್ರೇ. ಸುಟ್ಟಿದ್ದನ್ನ ಇಟ್ಕೊಂಡಿದ್ದೆ" ಎಂದೆ.

"ಆಮೇಲೆ ಮಾತಾಡೋಣ. ಈಗ ಬ್ಯಾಗ್ ಹಿಡ್ಕೊಳ್ಳಿ."

ಈ ಚೀಲದ ಕೆಲಸ ಸರಳ. ಕಪ್ಪು ರಬ್ಬರಿನದು, ಫುಟ್‌ಬಾಲಿನ ಅರ್ಧದಷ್ಟು. ಒತ್ತಿದರೆ ಗಾಳಿ ಶ್ವಾಸಕೋಶಕ್ಕೆ ಹೋಗುತ್ತದೆ. ಬಿಟ್ಟರೆ ಚೀಲ ತಾನೇ ಹಿಂದಿನಿಂದ ಗಾಳಿ ತುಂಬಿಕೊಳ್ಳುತ್ತದೆ. ಕೊಳವೆಗೆ ಸೇರುವ ಕಡೆ ಒಂದು ವಾಲ್ವು. ಅದರೊಳಗಿನ ರಬ್ಬರ್ ಬಿಲ್ಲೆ ನಾವು ಒತ್ತಿದಾಗ ಹೊರದಾರಿಯನ್ನು ಮುಚ್ಚುತ್ತದೆ, ಬಿಟ್ಟಾಗ ಎದ್ದು ರೋಗಿಯ ಉಸಿರನ್ನು ಹೊರಗೆ ಬಿಡುತ್ತದೆ. ನಿಮಿಷಕ್ಕೆ ಹದಿನಾರು ಸಲ. ವಿಷ ಇಳಿದು ಅವಳ ಸ್ನಾಯುಗಳು ತಾವೇ ಕೆಲಸ ಶುರು ಮಾಡುವವರೆಗೆ ಒಂದು ಸಲವೂ ತಪ್ಪುವಂತಿಲ್ಲ. ಅದಕ್ಕೆ ಐದು ಗಂಟೆಯಾಗಬಹುದು, ಒಂದು ದಿನವೂ ಆಗಬಹುದು.

ಅಂಥ ಚೀಲ ನಮ್ಮಲ್ಲಿ ಒಂದೇ ಇತ್ತು.

ಡಾಕ್ಟರಮ್ಮ ಬೆಂಗಳೂರಿಗೆ ಟ್ರಂಕ್ ಕಾಲ್ ಬುಕ್ ಮಾಡಿದರು. ಮುಕ್ಕಾಲು ಗಂಟೆಯ ಮೇಲೆ ಲೈನ್ ಸಿಕ್ಕಿತು. ಅಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿ ಉಸಿರಾಟದ ಯಂತ್ರ ಖಾಲಿಯಿದೆ, ಕರೆದುಕೊಂಡು ಬನ್ನಿ ಎಂದರು. ನಮ್ಮ ವ್ಯಾನಿತ್ತು. ಅವಲಪಲ್ಲಿಯವನಾದ ಡ್ರೈವರ್ ಆಗಲೇ ಹಿಂದಿನ ಸೀಟು ಕಳಚಿ ಹಾಸಿಗೆ ಹಾಸಿದ್ದ. ನಲವತ್ತು ಕಿಲೋಮೀಟರಿನ ದಾರಿ. ಲಾರಿಗಳ ಮಧ್ಯೆ ನುಗ್ಗಿದರೂ ಒಂದೂಕಾಲು ಗಂಟೆ. ನಾನು ಚೀಲ ಒತ್ತುತ್ತಾ ಜೊತೆಗೆ ಕೂರುವುದೆಂದಾಯಿತು. ಡಬ್ಬವನ್ನು ಸೆರಗಿನಲ್ಲಿ ಗಂಟುಹಾಕಿಕೊಂಡೆ.

ಸ್ಟ್ರೆಚರನ್ನು ವರಾಂಡದವರೆಗೆ ತಂದು ವ್ಯಾನಿನ ಬಾಗಿಲಿಗೆ ಸಮ ನಿಲ್ಲಿಸಿದ್ದೆವು. ನಾನು ಒತ್ತಿದೆ. ಎದೆ ಎದ್ದಿತು. ಬಿಟ್ಟೆ. ಎದೆ ಇಳಿಯಲಿಲ್ಲ.

ಮತ್ತೊಮ್ಮೆ ಒತ್ತಲು ಹೋದರೆ ಚೀಲ ಕಲ್ಲಿನಂತೆ ಗಟ್ಟಿಯಾಗಿತ್ತು.

"ಡಾಕ್ಟ್ರೇ, ಗಾಳಿ ಹೊರಗೆ ಬರ್ತಾ ಇಲ್ಲ."

ಅವರು ಕೊಳವೆಯಿಂದ ಚೀಲವನ್ನು ಕಿತ್ತರು. ಸಿಕ್ಕಿಕೊಂಡಿದ್ದ ಗಾಳಿ ಸುಯ್ಯೆಂದು ಹೊರಬಂದು ಎದೆ ಇಳಿಯಿತು. ಮರುಕ್ಷಣ ಅವರು ವರಾಂಡದ ನೆಲದ ಮೇಲೆ ಮೊಣಕಾಲೂರಿ, ಕೊಳವೆಗೆ ಬಾಯಿಟ್ಟು ಊದತೊಡಗಿದರು. ಊದುವುದು, ತಲೆಯೆತ್ತುವುದು, ಊದುವುದು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತು ವಾಲ್ವು ಬಿಚ್ಚಿದೆ. ಬಿಲ್ಲೆ ಜೊಲ್ಲಿನ ತೇವಕ್ಕೆ ಉಬ್ಬಿ ಅಂಟಿಕೊಂಡಿತ್ತು. ಅಂಚು ಒಂದು ಕಡೆ ಸೀಳಿತ್ತು. ಡಬ್ಬದಿಂದ ಹೊಸ ಬಿಲ್ಲೆ ತೆಗೆದೆ. ಹೊಸದು ಅಂದರೆ ಉಪಯೋಗಿಸದ್ದು. ಎಷ್ಟು ವರ್ಷದ್ದೋ ಯಾರಿಗೆ ಗೊತ್ತು. ಕೂರಿಸಲು ತುಸು ಬಗ್ಗಿಸಿದೆ. ಹಪ್ಪಳದಂತೆ ಎರಡು ಹೋಳಾಯಿತು.

ಆ ಹೊತ್ತಿನಲ್ಲಿ ನನಗೆ ಭಯವೂ ಆಗಲಿಲ್ಲ ಎಂದರೆ ನಂಬಬೇಕು. ಭಯ ಆಮೇಲೆ ಬಂತು. ಆಗ ಕಣ್ಣೆದುರು ಇದ್ದದ್ದು ಒಂದೇ ಪ್ರಶ್ನೆ: ಇಷ್ಟು ಅಗಲದ ರಬ್ಬರ್ ಎಲ್ಲಿದೆ? ಸೈಕಲ್ ಟ್ಯೂಬು ದಪ್ಪ, ಏಳುವುದಿಲ್ಲ. ಬಲೂನು ತೀರ ತೆಳು. ಥಿಯೇಟರಿನಲ್ಲಿ ತೊಳೆದು ಪೌಡರ್ ಹಚ್ಚಿಟ್ಟ ಗ್ಲೌಸುಗಳಿದ್ದವು. ಆಗ ನಾವು ಗ್ಲೌಸನ್ನು ಎಸೆಯುತ್ತಿರಲಿಲ್ಲ, ಬೇಯಿಸಿ ಮತ್ತೆ ಹಾಕಿಕೊಳ್ಳುತ್ತಿದ್ದೆವು. "ಗ್ಲೌಸು, ಕತ್ತರಿ!" ಎಂದು ಕೂಗಿದೆ. ಆಯಾ ಓಡಿ ತಂದಳು. ಬೆರಳಿನ ಕಡೆಯಿಂದ ಒಂದು ಬಿಲ್ಲೆ ಕತ್ತರಿಸಿ ಹಾಕಿದೆ. ಒತ್ತಿದಾಗ ಅದು ತೂತಿನೊಳಕ್ಕೇ ನುಗ್ಗಿ ಸೋರಿತು. ಮಣಿಕಟ್ಟಿನ ಕಡೆ ರಬ್ಬರ್ ತುಸು ದಪ್ಪ. ಹಳೆಯ ಬಿಲ್ಲೆಯನ್ನೇ ಅಚ್ಚಾಗಿಟ್ಟು ಪೆನ್ನಿನಿಂದ ಗೀರಿ, ಅಲ್ಲಿಂದ ಕತ್ತರಿಸಿ, ಪೌಡರ್ ಸವರಿ ಕೂರಿಸಿದೆ. ಅಂಗೈಗೆ ಒತ್ತಿ ನೋಡಿದೆ. ಗಾಳಿ ಬಂತು. ಬಿಟ್ಟೆ, ಬಿಲ್ಲೆ ಎದ್ದಿತು.

ಚೀಲವನ್ನು ಕೊಳವೆಗೆ ಸೇರಿಸಿದಾಗ ಡಾಕ್ಟರಮ್ಮನ ತುಟಿಯ ಸುತ್ತ ಬೆಳ್ಳಗಾಗಿತ್ತು. ತಲೆಸುತ್ತು ಬಂದು ಅವರು ಕಂಬಕ್ಕೆ ಒರಗಿದರು. ಕಾಂಪೌಂಡರ್ ಚೀಲ ತೆಗೆದುಕೊಂಡರು.

"ಹತ್ತಿಸಿ" ಎಂದರು ಡಾಕ್ಟರಮ್ಮ, ವ್ಯಾನಿನ ಕಡೆ ಕೈತೋರಿಸಿ.

ನಾನು ಹತ್ತಿಸಲಿಲ್ಲ. ಅವರ ಮಾತಿಗೆ ಎದುರಾಡಿದ್ದು ಅದೇ ಮೊದಲು.

"ಬೇಡ ಡಾಕ್ಟ್ರೇ. ಈ ಬಿಲ್ಲೆ ಎಷ್ಟು ಹೊತ್ತು ತಡೆಯುತ್ತೋ ಗೊತ್ತಿಲ್ಲ. ಇಲ್ಲಾದ್ರೆ ಬೆಳಕಿದೆ, ಮೇಜಿದೆ, ಊದೋಕೆ ಇನ್ನೊಬ್ಬರಿದ್ದಾರೆ. ಅತ್ತಿಬೆಲೆ ದಾಟಿದ ಮೇಲೆ ಇದು ಮತ್ತೆ ಅಂಟಿಕೊಂಡರೆ ಕುಲುಕೋ ವ್ಯಾನಲ್ಲಿ ನಾನೊಬ್ಬಳೇ ಏನು ಮಾಡ್ಲಿ?"

"ಇಲ್ಲೇ ಇಟ್ಕೊಂಡು ಏನಾದ್ರೂ ಆದ್ರೆ? ಸೀಸೆ ಇನ್ನು ಎರಡೇ ಇದೆ. ಬ್ಯಾಗ್ ಒಂದೇ."

"ಅವಳು ಹೋಗೋದು ಬೇಡ. ವ್ಯಾನ್ ಹೋಗ್ಲಿ. ಸೀಸೆ ತರಲಿ, ಅರಿವಳಿಕೆ ಡಾಕ್ಟರ ಹತ್ರ ಇನ್ನೊಂದು ಬ್ಯಾಗ್ ಇಸ್ಕೊಂಡು ಬರಲಿ."

ಡಾಕ್ಟರಮ್ಮ ರಸ್ತೆಯ ಕಡೆ ನೋಡಿದರು. ಅವರ ತೊಂದರೆ ನನಗೆ ಅರ್ಥವಾಗುತ್ತಿತ್ತು. ದಾರಿಯಲ್ಲಿ ಸತ್ತರೆ ದೊಡ್ಡ ಆಸ್ಪತ್ರೆಗೆ ಕಳಿಸಿದ್ದೆವು ಎನ್ನಬಹುದು. ಇಲ್ಲಿ ಸತ್ತರೆ ಕಳಿಸಲಿಲ್ಲ ಎನ್ನುತ್ತಾರೆ. ಆ ಮಾತು ಆಗಲೇ ಬಂತು ಕೂಡ. ಗಂಡ ಮುಂದೆ ಬಂದು, "ಬೆಂಗ್ಳೂರ್ ಆಸ್ಪತ್ರೇಲಿ ಮಿಷಿನ್ ಐತಂತಲ್ಲಮ್ಮಾ. ವ್ಯಾನ್ ತಂದ್ ನಿಲ್ಸಿ ಯಾಕ್ ಈಗ ಬ್ಯಾಡ ಅಂತೀರಿ? ಏನ್ ಆಗೋಯ್ತು?" ಎಂದ. ಅವನ ಸ್ವರ ಏರಿತ್ತು. ಜೊತೆಗೆ ಬಂದವನೂ ಪಕ್ಕಕ್ಕೆ ಬಂದು ನಿಂತ.

ನಾನು ಸೀಳಿದ ಹಳೆಯ ಬಿಲ್ಲೆಯನ್ನು ಅವನ ಅಂಗೈ ಮೇಲಿಟ್ಟೆ.

"ಇದು ಕೈಕೊಡ್ತಪ್ಪ. ಅದಕ್ಕೇ ಈಗ ಉಸಿರು ಸಿಕ್ಕೊಂಡಿದ್ದು. ಬೇರೆ ಕತ್ತರಿಸಿ ಹಾಕಿದ್ದೀನಿ. ಇಲ್ಲಿದ್ರೆ ಕೆಟ್ಟಾಗೆಲ್ಲ ಮತ್ತೆ ಕತ್ತರಿಸಬಹುದು. ದಾರೀಲಿ ಕೆಟ್ರೆ ಕಷ್ಟ."

ಅವನು ಅದನ್ನು ಬೆರಳಲ್ಲಿ ತಿರುಗಿಸಿ ನೋಡಿದ. "ಇಷ್ಟೇನಾ?"

"ಇಷ್ಟೇ."

"ಇಷ್ಟಕ್ಕಾ ನನ್ನೆಂಡ್ತಿ..." ಎಂದು ನಿಲ್ಲಿಸಿ, ಬಿಲ್ಲೆಯನ್ನು ನನಗೇ ವಾಪಸು ಕೊಟ್ಟ. "ಆಯ್ತು, ಇಲ್ಲೇ ಇಕ್ಕೊಳ್ಳಿ. ನಾನೇನ್ ಮಾಡ್ಬೇಕು ಹೇಳಿ."

ಡಾಕ್ಟರಮ್ಮ ಮೆಟ್ಟಿಲ ಮೇಲೆಯೇ ಕೂತು ಎರಡು ಚೀಟಿ ಬರೆದರು. ಡ್ರೈವರ್ ಅವನ್ನು ಜೇಬಿಗಿಟ್ಟುಕೊಂಡು, "ಅಕ್ಕಾ, ಐದರೊಳಗೆ ಬತ್ತೀನಿ" ಎಂದು ಹೊರಟ. ಖಾಲಿ ಹಾಸಿಗೆ ಹೊತ್ತ ವ್ಯಾನು ಗೇಟು ದಾಟಿ ತಿರುಗಿದಾಗ, ಸರಿಯಾದದ್ದನ್ನು ಹೇಳಿದೆನೋ ಒಂದು ಜೀವ ತೆಗೆದೆನೋ ನನಗೆ ತಿಳಿಯಲಿಲ್ಲ.

ಅಲ್ಲಿಂದ ಮುಂದಿನ ಗಂಟೆಗಳು ಒಂದರಂತೆ ಒಂದು. ನಾನು, ಕಾಂಪೌಂಡರ್, ಆಯಾ, ಗಂಡ, ಹೀಗೆ ನಾಲ್ವರು ಪಾಳಿ ಹಾಕಿಕೊಂಡೆವು. ಹದಿನೈದು ನಿಮಿಷ ಒತ್ತಿದರೆ ಹೆಬ್ಬೆರಳಿನ ಬುಡದಲ್ಲಿ ಉರಿ ಶುರುವಾಗುತ್ತಿತ್ತು. ಗಂಡನಿಗೆ ಕಲಿಸುವಾಗ, ನಿನ್ನ ಉಸಿರಿನ ಜೊತೆಗೇ ಒತ್ತು ಎಂದೆ. ಅದು ತಪ್ಪಾಯಿತು. ಅವನ ಉಸಿರೇ ಗಾಬರಿಯಿಂದ ಓಡುತ್ತಿತ್ತು. ನಿಮಿಷಕ್ಕೆ ಮೂವತ್ತು ಸಲ ಒತ್ತಿಬಿಟ್ಟ. ಆಮೇಲೆ ಗೋಡೆ ಗಡಿಯಾರದ ಎದುರು ನಿಲ್ಲಿಸಿ, "ಒತ್ತು, ಎರಡು, ಮೂರು, ನಾಲ್ಕು" ಎಂದು ಗಟ್ಟಿಯಾಗಿ ಎಣಿಸಲು ಹೇಳಿದೆ. ಎಣಿಸುತ್ತಾ ಎಣಿಸುತ್ತಾ ಹದಕ್ಕೆ ಬಂದ.

ಗ್ಲೌಸಿನ ಬಿಲ್ಲೆ ಐವತ್ತು ನಿಮಿಷಕ್ಕೆ ಮೆತ್ತಗಾಗಿ ಸೋರಲು ಶುರುಮಾಡಿತು. ಕಾಯುವುದು ಬೇಡ, ನಲವತ್ತು ನಿಮಿಷಕ್ಕೊಮ್ಮೆ ನಾವೇ ಬದಲಾಯಿಸೋಣ ಎಂದು ನಿಶ್ಚಯಿಸಿದೆ. ಎರಡು ಜೊತೆ ಗ್ಲೌಸಿನಿಂದ ಹತ್ತು ಬಿಲ್ಲೆ ಕತ್ತರಿಸಿ, ಪೌಡರ್ ಹಾಕಿದ ತಟ್ಟೆಯಲ್ಲಿ ಸಾಲಾಗಿಟ್ಟೆ. ಒಂದೊಂದನ್ನೂ ಹಾಕುವ ಮೊದಲು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಬದಲಾಯಿಸುವಾಗ ಡಾಕ್ಟರಮ್ಮ ಕೊಳವೆಗೆ ಬಾಯಿಟ್ಟು ನಾಲ್ಕು ಸಲ ಊದಬೇಕು. ಅಷ್ಟರೊಳಗೆ ನಾನು ವಾಲ್ವು ಬಿಚ್ಚಿ, ಒರೆಸಿ, ಕೂರಿಸಿ, ಮುಚ್ಚಬೇಕು. ಮೊದಲ ಸಲ ಆರು ಊದಿನವರೆಗೂ ಹೋಯಿತು. ನಾಲ್ಕನೆಯ ಸಲಕ್ಕೆ ಮೂರು ಊದಿನಲ್ಲೇ ಮುಗಿಸಿದೆ.

ನಾಲ್ಕು ಗಂಟೆಗೆ ಕೊನೆಯ ಸೀಸೆ ಮುಗಿಯಿತು. ರೆಪ್ಪೆ ಎತ್ತಿ ನೋಡಿದರೆ ಕಣ್ಣುಗುಡ್ಡೆ ಅಲ್ಲಾಡುತ್ತಿರಲಿಲ್ಲ. ಸ್ನಾಯುಗಳಿಗೆ ಬಲ ಬರಲೆಂದು ಕೊಟ್ಟ ಇನ್ನೊಂದು ಇಂಜೆಕ್ಷನ್ನಿನಿಂದಲೂ ಏನೂ ಕಾಣಲಿಲ್ಲ. ಐದಾಯಿತು, ವ್ಯಾನಿಲ್ಲ. ಟ್ರಂಕ್ ಕಾಲ್ ಮತ್ತೆ ಬುಕ್ ಮಾಡಿದರೆ ಲೈನ್ ಸಿಗಲಿಲ್ಲ. ಐದೂವರೆ. ರಸ್ತೆಯಲ್ಲಿ ಯಾವ ಗಾಡಿ ಗೇರು ಬದಲಿಸಿದರೂ ಕಾಂಪೌಂಡರ್ ಕಿಟಕಿಗೆ ಹೋಗಿ ಬರುತ್ತಿದ್ದರು. ತಟ್ಟೆಯಲ್ಲಿ ಮೂರು ಬಿಲ್ಲೆ ಉಳಿದಿದ್ದವು. ಮತ್ತೆರಡು ಗ್ಲೌಸು ಕತ್ತರಿಸಿದೆ. ಕತ್ತರಿಯ ಕಣ್ಣು ಉಜ್ಜಿ ನನ್ನ ಹೆಬ್ಬೆರಳಲ್ಲಿ ಬೊಬ್ಬೆ ಎದ್ದಿತ್ತು.

ಆರೂಮುಕ್ಕಾಲಿಗೆ ವ್ಯಾನು ಬಂತು. ಡ್ರೈವರ್ ಎರಡೂ ಕೈಯಲ್ಲಿ ಸಾಮಾನು ಅಪ್ಪಿಕೊಂಡು ಓಡಿಬಂದ.

"ಡಾಕ್ಟ್ರು ಆಪ್ರೇಷನ್ನಲ್ಲಿದ್ರು ಅಕ್ಕಾ. ಬಾಗ್ಲಲ್ಲೇ ಎರಡು ಗಂಟೆ ನಿಂತಿದ್ದೆ. ಬರೋವಾಗ ಟೈರ್ ಪಂಚರ್. ಸ್ಟೆಪ್ನೀಲಿ ಗಾಳಿ ಇತ್ತು, ಪುಣ್ಯ."

ಹತ್ತು ಸೀಸೆ, ಒಂದು ಚೀಲ. ಚೀಲ ನಮ್ಮದಕ್ಕಿಂತ ಹೊಸದು, ವಾಲ್ವಿನ ಬಿಲ್ಲೆ ಮೆದುವಾಗಿ ಆಡುತ್ತಿತ್ತು. ಕೊಳವೆಗೆ ಸೇರಿಸಲು ಹೋದೆ. ಸೇರಲಿಲ್ಲ. ಅದರ ಬಾಯಿ ನಮ್ಮ ಕೊಳವೆಯ ಕೊಂಡಿಗಿಂತ ದೊಡ್ಡದು. ಬೇರೆ ಕಂಪನಿ, ಬೇರೆ ಅಳತೆ. ಕಾಂಪೌಂಡರ್ "ಅಯ್ಯೋ" ಎಂದು ತಲೆಯ ಮೇಲೆ ಕೈಯಿಟ್ಟುಕೊಂಡರು. ನಾನು ಡಬ್ಬವನ್ನು ಮಗುಚಿದೆ. ಮೂರು ಕೊಂಡಿಗಳಲ್ಲಿ ಒಂದು ಕೊಳವೆಗೆ ಸರಿಯಾಗಿ ಕೂತಿತು, ಚೀಲದ ಕಡೆ ಮಾತ್ರ ಸಡಿಲ. ಪ್ಲಾಸ್ಟರಿನ ಪಟ್ಟಿಯನ್ನು ಎರಡು ಸುತ್ತು ಬಿಗಿಯಾಗಿ ಸುತ್ತಿ, ತಿರುಗಿಸಿ ಒತ್ತಿದೆ. ಗಾಳಿ ಸೋರಲಿಲ್ಲ.

ಆಮೇಲೆ ನನ್ನ ಕೈಗೆ ಮಾಡಲು ಬೇರೇನೂ ಉಳಿಯಲಿಲ್ಲ. ಆಗ ಭಯ ಬಂತು. ಹಿತ್ತಲಿಗೆ ಹೋಗಿ ನಲ್ಲಿಯ ಕೆಳಗೆ ಕೈಯಿಟ್ಟುಕೊಂಡು ನಿಂತೆ. ಮುಖ ತೊಳೆದುಕೊಂಡು ಒಳಗೆ ಬಂದೆ.

ಎರಡನೆಯ ಸುತ್ತಿನ ಸೀಸೆಗಳು ಹೋಗುತ್ತಿರುವಾಗ, ದೀಪ ಹಚ್ಚಿ ಸ್ವಲ್ಪ ಹೊತ್ತಾಗಿತ್ತು, ಗಂಡ ಎಣಿಸುವುದನ್ನು ಥಟ್ಟನೆ ನಿಲ್ಲಿಸಿದ.

"ನಿಲ್ಲಿಸಬೇಡ, ಒತ್ತು!" ಎಂದೆ.

"ಒತ್ತಾ ಇದೀನಮ್ಮಾ. ಹುಬ್ಬು ನೋಡಿ. ಹುಬ್ಬು ಅಲ್ಲಾಡ್ತು."

ನಾವು ಬಗ್ಗಿ ನೋಡಿದೆವು. ಏನೂ ಇಲ್ಲ. ಡಾಕ್ಟರಮ್ಮ ಅವಳ ಕಿವಿಯ ಬಳಿ, "ಕೇಳಿಸ್ತಾ ಇದ್ಯಾ ತಾಯಿ? ಹುಬ್ಬು ಎತ್ತು ನೋಡೋಣ" ಎಂದರು. ಬಹಳ ಹೊತ್ತಿನ ಮೇಲೆ, ಗಾಳಿಗೆ ಎಲೆ ಅಲುಗಿದಷ್ಟು, ಬಲಹುಬ್ಬು ಅಲುಗಿತು. ಅದಾದ ಮೇಲೆ ಬೆರಳು, ಬೆಳಗಾಗುವಷ್ಟರಲ್ಲಿ ಕೈ. ಕೊಳವೆಯನ್ನು ಕಚ್ಚತೊಡಗಿದಳು. ಎಂಟು ಗಂಟೆಗೆ ಅವಳೇ ನಮ್ಮ ಒತ್ತಿಗೆ ಎದುರಾಗಿ ಉಸಿರೆಳೆದಳು. ಒಂಬತ್ತಕ್ಕೆ ಡಾಕ್ಟರಮ್ಮ ಕೊಳವೆ ತೆಗೆದರು. ಅವಳು ಕೆಮ್ಮಿದಳು, ಉಗುಳಿದಳು, ಗಂಡನ ಕಡೆ ನೋಡಿದಳು. ಅವನು ಗೋಡೆಯ ಕಡೆ ತಿರುಗಿ ನಿಂತುಕೊಂಡ.

ಅದೇ ವಾರ ನಾನು ಸುಟ್ಟ ಬಲ್ಬನ್ನು ಎಸೆದೆ. ಹೊಸ ಬಲ್ಬು, ಬಿಲ್ಲೆ ತರಿಸಿಕೊಂಡೆ. ಡಬ್ಬದ ಮುಚ್ಚಳದ ಒಳಗೆ ಒಂದು ಕಾಗದ ಅಂಟಿಸಿ, ಪ್ರತಿ ಸೋಮವಾರ ಬಲ್ಬು ಹಚ್ಚಿ ನೋಡಿದ್ದಕ್ಕೆ, ರಬ್ಬರ್ ಬಗ್ಗಿಸಿ ನೋಡಿದ್ದಕ್ಕೆ ಒಂದೊಂದು ಗೀಟು ಹಾಕತೊಡಗಿದೆ. ಡಾಕ್ಟರಮ್ಮ ಬಲ್ಬಿನ ಮಾತು ಆಮೇಲೆ ಎತ್ತಲೇ ಇಲ್ಲ. ಎತ್ತಿದ್ದರೆ ಒಳ್ಳೆಯದಿತ್ತೇನೋ ಎಂದು ನನಗೆ ಅನ್ನಿಸುತ್ತಿತ್ತು.

ಐದನೆಯ ದಿನ ಅವಳನ್ನು ಮನೆಗೆ ಕಳಿಸುವುದೆಂದಾಯಿತು. ಗಂಡ ಬಸ್ಸಿನ ಹೊತ್ತು ಕೇಳಿಕೊಂಡು ಬರಲು ಹೋಗಿದ್ದ. ನಾನು ಅವಳ ಕೈಯ ಗಾಯಕ್ಕೆ ಹೊಸ ಕಟ್ಟು ಹಾಕುತ್ತಿದ್ದೆ. ಗಂಟಲಿನ್ನೂ ಒಡೆದೇ ಇತ್ತು; ಪಿಸುಗುಟ್ಟುವಂತೆ ಮಾತಾಡುತ್ತಿದ್ದಳು.

"ನಂಗೆ ಎಲ್ಲಾ ಕೇಳಿಸ್ತಾ ಇತ್ತು ಸಿಸ್ಟ್ರಮ್ಮಾ."

ನಾನು ಅವಳ ಮುಖ ನೋಡಿದೆ.

"ಕಣ್ ಬಿಡೋಕಾಗ್ದು. ಬೆರ್ಳ್ ಎತ್ತೋಕಾಗ್ದು. ಕಿವಿ ಮಾತ್ರ ಕೇಳ್ತಿತ್ತು. ವ್ಯಾನ್ ತಾವ ಜಗಳ ಆಡಿದ್ದು, ಎಲ್ಲಾ. ನಮ್ಮೆಜಮಾನ ಆತ್ರಾತ್ರವಾಗಿ ಒತ್ತೋವಾಗ, ಇವ್ನ ಕೈಗೆ ಕೊಡ್‌ಬ್ಯಾಡಿ ಅಂತ ಕೂಗೋಣ ಅಂದ್ರೆ ನಾಲ್ಗೆ ಏಳ್ಲಿಲ್ಲ." ನಗಲು ಹೋಗಿ ಕೆಮ್ಮಿದಳು.

ಹಾವಿನ ವಿಷ ಮೈಯನ್ನು ಕಟ್ಟಿಹಾಕುತ್ತದೆ, ಬುದ್ಧಿಯನ್ನಲ್ಲ. ಇದನ್ನು ನಾನು ಓದಿದ್ದೆ. ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೂ ಆ ಇಡೀ ಹಗಲು ನಾನು ಅವಳೊಡನೆ ಒಂದು ಮಾತೂ ಆಡಿರಲಿಲ್ಲ. ಅವಳ ಮೇಲಿಂದ ಅತ್ತಿತ್ತ ಮಾತಾಡಿದ್ದೆ, ಮರದ ದಿಮ್ಮಿಯ ಮೇಲೆ ಮಾತಾಡುವ ಹಾಗೆ.

"ಸಾಯಂಕಾಲ ನೀವು ಆಯಮ್ಮನ್ ತಾವ ತಮಿಳಲ್ಲಿ ಒಂದ್ ಮಾತ್ ಅಂದ್ರಿ" ಎಂದಳು.

ವ್ಯಾನು ಬಾರದೆ ಕಾಯುತ್ತಿದ್ದಾಗ ಹೇಳಿದ ಮಾತು ಅದು. ಆಯಾ ತಮಿಳಿನವಳು. ಗಂಡನಿಗೆ ತಿಳಿಯದಿರಲೆಂದು ನಾನು ತಮಿಳಿನಲ್ಲಿ, "ಪೊಳೈಕ್ಕಿರದು ಕಷ್ಟಂ" ಎಂದಿದ್ದೆ. ಬದುಕುವುದು ಕಷ್ಟ ಎಂದು.

"ಅವ್ರಿಗೆ ತಮಿಳು ಬರಾಕಿಲ್ಲ. ನಂಗೆ ಬತ್ತದೆ. ಕೃಷ್ಣಗಿರಿ ಕಡೆ ಮಾವಿನ್ ತೋಪಲ್ಲಿ ಕೂಲಿ ಮಾಡಿವ್ನಿ."

ನಾನು ತಲೆಯೆತ್ತಲಿಲ್ಲ. ಕಟ್ಟಿನ ತುದಿಯನ್ನು ಗಂಟುಹಾಕುತ್ತಾ, "ತಪ್ಪಾಯ್ತಮ್ಮಾ" ಎಂದೆ.

"ತಪ್ಪು ಅಂತ ಏಳ್ಲಿಲ್ಲ ನಾನು. ಆ ಮಾತ್ ಕೇಳಿ ಆಯ್ತು ಬುಡು ನನ್ ಕತೆ ಅಂದ್ಕೊಂಡೆ. ಅಷ್ಟ್ರಲ್ಲಿ ಮತ್ತೆ ಕತ್ರಿ ಸದ್ದು. ಕಚಕ್, ಕಚಕ್ ಅಂತ. ಉಳಿಯಾಕಿಲ್ಲ ಅಂದೋಳು ಇನ್ನೂ ಯಾಕ್ ಕತ್ತರಿಸ್ತಾವ್ಳೆ, ನೋಡೇ ಬುಡಾನ ಅಂತ ಅದನ್ನೇ ಕೇಳ್ಕೊಂಡ್ ಬಿದ್ದಿದ್ದೆ."

ಹೊರಗೆ ಗಂಡನ ಕೂಗು ಕೇಳಿಸಿತು, ಬಸ್ಸು ಬಂದಿತ್ತು. ಅವಳು ಮಂಚದಿಂದ ಕಾಲಿಳಿಸಿ, ನನ್ನ ಭುಜದ ಮೇಲೆ ಕೈಯೂರಿ ಎದ್ದು ನಿಂತಳು. ಗೇಟಿನವರೆಗೆ ಹಾಗೇ ಜೊತೆಗೆ ನಡೆದೆ. ಅಷ್ಟು ದೂರವೂ ಅವಳ ಉಸಿರು ನನ್ನ ಕಿವಿಯ ಪಕ್ಕದಲ್ಲೇ ಆಡುತ್ತಿತ್ತು.